ಟ್ಯಾಲಿಗೆ ಎಷ್ಟು ಕೋರ್, ಎಷ್ಟು ರ‍್ಯಾಮ್? ಸಣ್ಣ ಕಚೇರಿಗೆ ಸರ್ವರ್ ಕೊಳ್ಳುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ 'ಹತ್ತು ಜನರ ಆಫೀಸಿಗೆ ಒಂದು ಸರ್ವರ್ ಬೇಕು' ಎಂದರೆ ಅರ್ಧ ಗಂಟೆಯಲ್ಲಿ ಮೂರು ಕೊಟೇಶನ್ ಕೈಗೆ ಬರುತ್ತವೆ. ಒಂದು, ಸರ್ವರ್ ಎಂದು ಹೆಸರಿಟ್ಟ ಐ7 ಡೆಸ್ಕ್‌ಟಾಪ್. ಇನ್ನೊಂದು, 28 ಕೋರಿನ ಹಳೆಯ ರ‍್ಯಾಕ್ ಮಷಿನ್. ಮೂರನೆಯದು ಹೊಸ ಟವರ್ ಸರ್ವರ್, ಆದರೆ ಒಳಗೆ ಒಂದೇ ಒಂದು 16 ಜಿಬಿ ಸ್ಟಿಕ್. ಇವುಗಳಲ್ಲಿ ನಿಮಗೆ ಹೊಂದುವುದು ಯಾವುದು ಎಂದು ಹಾಳೆ ನೋಡಿ ಹೇಳಲಾಗದು. ನಿಮ್ಮ ಕಚೇರಿಯ ಲೆಕ್ಕ ನಿಜಕ್ಕೂ ಯಾವ ಮಷಿನ್ನಿನ ಒಳಗೆ ನಡೆಯುತ್ತದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಕೋರು, ಕೆಲಸದ ಹೊತ್ತಿಗೆ ಡೇಟಾ ಹಿಡಿದಿಡುವ ರ‍್ಯಾಮಿನ ಜಿಬಿ ಎಲ್ಲ ಆಮೇಲಿನ ಮಾತು.

ಕೆಲಸ ಸರ್ವರ್‌ನಲ್ಲೋ, ಮೇಜಿನ ಮೇಲಿನ ಪಿಸಿಯಲ್ಲೋ

ಹಲವರು ಒಟ್ಟಿಗೆ ಬಳಸುವ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಪ್ರೈಮ್ ಗೋಲ್ಡ್ ಇರುವ ಕಚೇರಿಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪ್ರತಿ ಪಿಸಿಯಲ್ಲೂ ಟ್ಯಾಲಿ ಹಾಕಿರುತ್ತಾರೆ, ಡೇಟಾ ಫೋಲ್ಡರ್ ಮಾತ್ರ ಸರ್ವರ್‌ನಲ್ಲಿ ಶೇರ್ ಆಗಿರುತ್ತದೆ. ಚಿಕ್ಕಪೇಟೆಯ ಸೀರೆ ಹೋಲ್‌ಸೇಲ್ ಅಂಗಡಿಯಂಥ ಕಡೆ ಇದೇ ಸಾಕು. ಇಲ್ಲಿ ಬ್ಯಾಲೆನ್ಸ್ ಶೀಟ್ ತೆರೆದರೆ ಕೂಡಿ ಕಳೆಯುವುದು ಅಕೌಂಟೆಂಟ್ ಎದುರಿನ ಪಿಸಿ. ಸರ್ವರ್ ಫೈಲಿನ ತುಣುಕುಗಳನ್ನು ಕೇಳಿದ ಹಾಗೆ ಕೊಡುತ್ತಾ ಹೋಗುತ್ತದೆ, ಅಷ್ಟೆ. ಇಂಥ ಕಡೆ ಸರ್ವರ್‌ನ ಪ್ರೊಸೆಸರ್ ಎಷ್ಟೇ ದೊಡ್ಡದಾದರೂ ರಿಪೋರ್ಟ್ ಒಂದು ಸೆಕೆಂಡೂ ಮುಂಚೆ ಬರುವುದಿಲ್ಲ. ನಾಲ್ಕು ಕೋರ್ ಧಾರಾಳ. ರ‍್ಯಾಮ್ ಮಾತ್ರ ಡೇಟಾ ಫೋಲ್ಡರಿಗಿಂತ ದೊಡ್ಡದಿರಲಿ. ಖಾಲಿ ಉಳಿದ ರ‍್ಯಾಮನ್ನು ವಿಂಡೋಸ್ ಫೈಲ್ ಕ್ಯಾಶ್ ಆಗಿ ಬಳಸಿಕೊಳ್ಳುತ್ತದೆ. 6 ಜಿಬಿ ಡೇಟಾ, 16 ಜಿಬಿ ರ‍್ಯಾಮ್ ಇದ್ದರೆ ಬೆಳಗ್ಗೆ ಒಮ್ಮೆ ಓದಿದ್ದು ಸಂಜೆಯವರೆಗೂ ಡಿಸ್ಕ್ ಮುಟ್ಟದೆ ಸಿಗುತ್ತದೆ.

ಈ ಬಗೆಯ ಕಚೇರಿ ನಿಧಾನವಾಗಿದ್ದರೆ ಸರ್ವರ್ ಬದಲಿಸುವ ಮೊದಲು ಮೂಲೆಯಲ್ಲಿರುವ ನೆಟ್‌ವರ್ಕ್ ಸ್ವಿಚ್ ನೋಡಿ. ಹಳೆಯ 100 ಮೆಗಾಬಿಟ್ ಸ್ವಿಚ್ ಸೆಕೆಂಡಿಗೆ ಸುಮಾರು 11 ಎಂಬಿ ದಾಟಿಸುತ್ತದೆ, ಗಿಗಾಬಿಟ್ ಸ್ವಿಚ್ 110ರ ಆಸುಪಾಸು. ಕೇಬಲಿನ ಎಂಟು ತಂತಿಗಳಲ್ಲಿ ಒಂದು ಕಿತ್ತಿದ್ದರೂ ಗಿಗಾಬಿಟ್ ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿದು ಕೂರುವುದುಂಟು. ಒಂದು ಕನೆಕ್ಟರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಸರ್ವರ್ ತರಿಸುವುದು ದುಡ್ಡು ದಂಡ.

ಎರಡನೆಯ ಬಗೆಯಲ್ಲಿ ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರ್ ಒಳಗೇ ಬಂದು ಕೂರುತ್ತಾರೆ. ಜಯನಗರದ ಆಡಿಟರ್ ಕಚೇರಿಯ ಹುಡುಗರು ಕ್ಲೈಂಟ್ ಜಾಗದಿಂದಲೋ ಮನೆಯಿಂದಲೋ ಲಾಗಿನ್ ಆಗುವುದು ಹೀಗೆ. ಈಗ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ತೆರೆದ ಬ್ರೌಸರ್, ಪಿಡಿಎಫ್ ಪ್ರಿಂಟ್ ಎಲ್ಲದರ ಭಾರವೂ ಸರ್ವರ್ ಮೇಲೆಯೇ. ಪ್ರೊಸೆಸರ್ ಮತ್ತು ರ‍್ಯಾಮ್ ಎರಡಕ್ಕೂ ಲೆಕ್ಕ ಹಾಕಲೇಬೇಕಾದದ್ದು ಇಲ್ಲಿ. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಕಾಣುವ, ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಮೇಲೆ ಓಡುವ ಇಆರ್‌ಪಿ (ಖರೀದಿ, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶ) ಇವೆರಡರ ನಡುವೆ ನಿಲ್ಲುತ್ತದೆ: ಸ್ಕ್ರೀನು ಪಿಸಿಯದ್ದು, ಹುಡುಕಾಟ ಸರ್ವರ್‌ನದ್ದು.

ಬೆಂಗಳೂರಿನಲ್ಲಿ ಎಲ್ಲೆಡೆ ಕಾಣುವ ಇನ್ನೊಂದು ರೂಢಿಯಿದೆ: ವಿಂಡೋಸ್ 10 ಅಥವಾ 11ರ ಒಂದು ಸಿಸ್ಟಂ ಫೈಲನ್ನು ತಿದ್ದಿ ಅದರಲ್ಲೇ ಹತ್ತು ಜನರಿಗೆ ರಿಮೋಟ್ ಕೊಡುವುದು. ಅದು ಲೈಸೆನ್ಸಿಗೆ ವಿರುದ್ಧ. ಮೇಲಾಗಿ ವಿಂಡೋಸ್ ಅಪ್‌ಡೇಟ್ ಬಂದಾಗ ತಿದ್ದಿದ ಫೈಲ್ ಅಳಿಸಿಹೋಗಿ ಮಾರನೇ ದಿನ ಯಾರಿಗೂ ಲಾಗಿನ್ ಆಗುವುದಿಲ್ಲ. ಆ ದಾರಿ ಬಿಡಿ.

ಕೊಳ್ಳುವ ಮೊದಲು ಒಂದು ತಿಂಗಳು ಅಳೆಯಿರಿ

ಈಗಿರುವ ಮಷಿನ್ನೇ ಅಳತೆಗೋಲು. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಶೇ. 12 ಎಂದು ಕಂಡರೆ 'ಸಿಪಿಯು ಸುಮ್ಮನೆ ಕೂತಿದೆ, ತೊಂದರೆ ಬೇರೆಲ್ಲೋ ಇದೆ' ಅನ್ನಿಸುತ್ತದೆ. ಅನೇಕರು ಮೋಸ ಹೋಗುವುದು ಇಲ್ಲೇ. ನಾಲ್ಕು ಕೋರು, ಎಂಟು ಥ್ರೆಡ್ಡಿನ (ಥ್ರೆಡ್ ಎಂದರೆ ಕೋರ್ ಹಿಡಿಯುವ ಕೆಲಸದ ಒಂದು ಎಳೆ) ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ ದುಡಿಯುತ್ತಿದ್ದರೆ ಒಟ್ಟು ಲೆಕ್ಕದಲ್ಲಿ ಕಾಣುವುದು ನೂರರಲ್ಲಿ ಎಂಟನೇ ಒಂದು ಪಾಲು, ಅಂದರೆ 12.5. ಟ್ಯಾಲಿಯಲ್ಲಿ ಒಬ್ಬರು ತೆಗೆಯುವ ಒಂದು ದೊಡ್ಡ ರಿಪೋರ್ಟ್ ಹೆಚ್ಚಾಗಿ ಒಂದೇ ಕೋರ್ ಮೇಲೆ ಓಡುತ್ತದೆ. ಉಳಿದ ಕೋರುಗಳು ಕೈಕಟ್ಟಿ ನೋಡುತ್ತಿರುತ್ತವೆ.

ಖಚಿತ ಮಾಡಿಕೊಳ್ಳಲು ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ರಿಪೋರ್ಟ್ ಒದ್ದಾಡುತ್ತಿರುವಾಗ ಆ ಪ್ರೋಗ್ರಾಂ ಸಾಲಿನ ಸಿಪಿಯು ಅಂಕಿ ನೋಡಿ. ಎಂಟು ಥ್ರೆಡ್ ಮಷಿನ್‌ನಲ್ಲಿ ಅದು 12 ಅಥವಾ 13ಕ್ಕೆ ಅಂಟಿಕೊಂಡು ನಿಂತರೆ ಒಂದು ಕೋರ್ ತನ್ನ ಮಿತಿ ಮುಟ್ಟಿದೆ ಎಂದರ್ಥ. ಹದಿನಾರು ಥ್ರೆಡ್ ಇದ್ದರೆ ಆ ಅಂಕಿ 6. ಗ್ರಾಫನ್ನು ಲಾಜಿಕಲ್ ಪ್ರೊಸೆಸರ್‌ಗಳಾಗಿ ಒಡೆದು ನೋಡುವುದೂ ಒಂದು ದಾರಿಯೇ. ಆದರೆ ವಿಂಡೋಸ್ ಒಂದೇ ಥ್ರೆಡ್ಡನ್ನು ಕೋರಿನಿಂದ ಕೋರಿಗೆ ದಾಟಿಸುತ್ತಿರುವುದರಿಂದ ಅಲ್ಲಿ ಚಿತ್ರ ಕಲಸಿಕೊಳ್ಳುತ್ತದೆ.

ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ನಾಲ್ಕು ಕೌಂಟರ್ ಸಾಕು: ಮೆಮೊರಿಯ ಅವೈಲಬಲ್ ಎಂಬೈಟ್ಸ್, ಪೇಜಸ್ ಪರ್ ಸೆಕೆಂಡ್, ಪ್ರತಿ ಕೋರಿನ ಪ್ರೊಸೆಸರ್ ಟೈಮ್, ಪ್ರೊಸೆಸರ್ ಕ್ಯೂ ಲೆಂತ್. 30 ಸೆಕೆಂಡಿಗೊಮ್ಮೆ ಬರೆದಿಡಲು ಹೇಳಿ ಬಿಟ್ಟುಬಿಡಿ. ಯಾವುದೋ ಸಪ್ಪೆ ಮಂಗಳವಾರದ ಅಳತೆ ಬೇಡ. ಜಿಎಸ್‌ಟಿಆರ್-1ರ 11ನೇ ತಾರೀಖು, ಜಿಎಸ್‌ಟಿಆರ್-3ಬಿಯ 20ನೇ ತಾರೀಖು, ಸಂಬಳದ ತಿಂಗಳ ಕೊನೆ, ಈ ಮೂರೂ ದಾಖಲೆಯೊಳಗೆ ಬರಬೇಕು. ಅವೈಲಬಲ್ ಮೆಮೊರಿ ಒಟ್ಟು ರ‍್ಯಾಮಿನ ಹತ್ತನೇ ಒಂದಕ್ಕಿಂತ ಕೆಳಗೆ ಹೋಗಿ, ಅದೇ ಹೊತ್ತಿಗೆ ಪೇಜಸ್ ಪರ್ ಸೆಕೆಂಡ್ ಏರಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲದು. ಪೇಜಸ್ ಒಂದೇ ಏರಿದರೆ ಗಾಬರಿ ಬೇಡ, ದೊಡ್ಡ ಫೈಲ್ ಓದಿದರೂ ಅದು ಏರುತ್ತದೆ. ಲಿನಕ್ಸ್ ಆದರೆ ಫ್ರೀ ಆದೇಶ ತೋರಿಸುವ ಅವೈಲಬಲ್ ಕಾಲಂ, ವಿಎಂಸ್ಟ್ಯಾಟ್‌ನ ಸ್ವಾಪ್ ಒಳಗೆ-ಹೊರಗೆ ಕಾಲಂಗಳು ಇದೇ ಕಥೆ ಹೇಳುತ್ತವೆ.

ಎಲ್ಲ ಕೌಂಟರ್ ತಣ್ಣಗಿದ್ದೂ ಜನ ಬೈಯುತ್ತಿದ್ದರೆ ಮತ್ತು ಸ್ವಿಚ್, ಕೇಬಲ್ ಸರಿಯಿದ್ದರೆ ತಪ್ಪು ಹೆಚ್ಚಾಗಿ ಹಾರ್ಡ್ ಡಿಸ್ಕಿನದ್ದು. ಎಸ್‌ಎಸ್‌ಡಿ ಹಾಕಿಸಿ, ಈ ಲೇಖನ ಮುಚ್ಚಿಡಿ.

ಪ್ರೊಸೆಸರ್: ಕಡಿಮೆ ಕೋರು, ಹೆಚ್ಚು ವೇಗ

ಇಪ್ಪತ್ತೈದು ಜನರೊಳಗಿನ ಕಚೇರಿಗೆ ಸರಿಹೊಂದುವ ಸರ್ವರ್ ಪ್ರೊಸೆಸರ್‌ಗಳು ಎರಡು ಸಾಲಿನಲ್ಲಿವೆ. ಇಂಟೆಲ್ ಕಡೆ ಝಿಯಾನ್ ಇ-2400 ಸಾಲು ಮತ್ತು ಅದರ ನಂತರದ ಝಿಯಾನ್ 6300. ಎಎಂಡಿ ಕಡೆ ಎಪಿಕ್ 4004 ಮತ್ತು 2025ರಲ್ಲಿ ಬಂದ 4005. ಡೆಲ್ ಟಿ160, ಎಚ್‌ಪಿಇ ಎಂಎಲ್30 ಜೆನ್11, ಲೆನೊವೊ ಎಸ್‌ಟಿ250 ವಿ3 ಇವೆಲ್ಲ ಇ-2400 ಹಾಕಿಕೊಳ್ಳುವ ಟವರ್‌ಗಳು.

ಇ-2400ರಲ್ಲಿ ಗರಿಷ್ಠ 8 ಕೋರ್, 128 ಜಿಬಿ ರ‍್ಯಾಮ್. ಇ-2434ಕ್ಕೆ 4 ಕೋರು, 8 ಥ್ರೆಡ್, ಮೂಲ ವೇಗ 3.4 ಗಿಗಾಹರ್ಟ್ಸ್, ಹೊರೆ ಬಿದ್ದಾಗ ಏರುವ ಟರ್ಬೊ ವೇಗ 5.0. ಇ-2436ರಲ್ಲಿ 6 ಕೋರು, ಇ-2488ರಲ್ಲಿ 8 ಕೋರು ಮತ್ತು ಟರ್ಬೊ 5.6. ಎಲ್ಲಕ್ಕಿಂತ ಅಗ್ಗದ ಇ-2414 ಬೇಡ: ಒಂದು ಕೋರಿನಲ್ಲಿ ಎರಡು ಥ್ರೆಡ್ ಓಡಿಸುವ ಹೈಪರ್‌ಥ್ರೆಡಿಂಗ್ ಇಲ್ಲ, ಮೂಲ ವೇಗ 2.6. ಫೈಲ್ ಶೇರಿಂಗಿಗೆ ಸಾಕಾದೀತು, ರಿಮೋಟ್ ಡೆಸ್ಕ್‌ಟಾಪಿಗೆ ತ್ರಾಸ. ಎಪಿಕ್ 4244ಪಿ 6 ಕೋರಿನದ್ದು, 3.8ರಿಂದ 5.1 ಗಿಗಾಹರ್ಟ್ಸ್, 65 ವ್ಯಾಟ್. 4344ಪಿ 8 ಕೋರಿನದ್ದು. ಮುಂದೆ ಕೋರ್ ಹೆಚ್ಚಿಸುವ ಯೋಚನೆ ಇದ್ದವರಿಗೆ ಎಎಂಡಿ ಅನುಕೂಲ, ಅದೇ ಸಾಕೆಟ್ಟಿನಲ್ಲಿ 16 ಕೋರಿನವರೆಗೂ ಹೋಗಬಹುದು. ಮದರ್‌ಬೋರ್ಡ್ ಅದನ್ನು ಒಪ್ಪುತ್ತದೆಯೇ ಎಂದು ಮಾತ್ರ ಮೊದಲೇ ಕೇಳಿ.

ಇಲ್ಲೊಂದು ಹೋಲಿಕೆ. ಮಾರಾಟಗಾರರು 'ಇನ್ನೂ ಸ್ವಲ್ಪ ಹಾಕಿದರೆ ದೊಡ್ಡ ಝಿಯಾನ್ ಬರುತ್ತೆ' ಎಂದು ತೋರಿಸುವ ಝಿಯಾನ್ ಸಿಲ್ವರ್ 4410ವೈಗೆ 12 ಕೋರು. ಮೂಲ ವೇಗ ಮಾತ್ರ 2.0, ಟರ್ಬೊ 3.9, ಕುಡಿಯುವುದು 150 ವ್ಯಾಟ್. ಒಂದೇ ಸರ್ವರಿನೊಳಗೆ ಹನ್ನೆರಡು ವರ್ಚುವಲ್ ಮಷಿನ್ (ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್) ನಡೆಸುವವರಿಗೆ ಅದು ಒಳ್ಳೆಯದೇ. ಒಬ್ಬರು ಸ್ಟಾಕ್ ಸಮ್ಮರಿ ತೆರೆದು ಕಾಯುವ ಕಚೇರಿಯಲ್ಲಿ 55 ವ್ಯಾಟಿನ ಇ-2434 ಅದಕ್ಕಿಂತ ಚುರುಕು. ಹತ್ತು ಜನರ ಕಚೇರಿಗೆ ಸಿಲ್ವರ್ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರ.

ಕೋರ್ ಎಷ್ಟು? ರಿಮೋಟ್ ಡೆಸ್ಕ್‌ಟಾಪ್ ಕಚೇರಿಯಲ್ಲಿ ಒಂದೇ ಹೊತ್ತಿಗೆ ಕೂರುವ ಮೂರು ಜನರಿಗೆ ಒಂದು ನಿಜವಾದ ಕೋರ್ ಎಂದು ಹಿಡಿದು, ಮೇಲೆ ಸಿಸ್ಟಂ ಮತ್ತು ಬ್ಯಾಕಪ್‌ಗೆ ಎರಡು ಸೇರಿಸಿ. ಹನ್ನೆರಡು ಜನಕ್ಕೆ 6 ಕೋರ್, ಹದಿನೆಂಟು ಜನಕ್ಕೆ 8. ಥ್ರೆಡ್ಡನ್ನು ಕೋರ್ ಎಂದು ಎಣಿಸಬೇಡಿ.

ಲೈಸೆನ್ಸಿನ ಲೆಕ್ಕ ಪ್ರೊಸೆಸರ್ ಆಯ್ಕೆಯೊಳಗೇ ಬರಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡಿಗೆ ಕೋರ್ ಎಣಿಸಿ ದುಡ್ಡು ಕೊಡಬೇಕು, ಕನಿಷ್ಠ ಒಂದು ಸರ್ವರಿಗೆ 16 ಕೋರ್. ಆದ್ದರಿಂದ 4 ಕೋರಿನ ಮಷಿನ್ನಿಗೂ 16 ಕೋರಿನ ಮಷಿನ್ನಿಗೂ ಒಂದೇ ಬೆಲೆ. ಹದಿನಾರು ದಾಟಿದಿರೋ, ಪ್ರತಿ ಎರಡು ಕೋರಿಗೂ ಹೆಚ್ಚುವರಿ. ಬಳಕೆದಾರರ ಕ್ಯಾಲ್ (ಸರ್ವರ್ ಬಳಸುವವರಿಗೆ ಬೇಕಾದ ಲೈಸೆನ್ಸ್), ರಿಮೋಟ್ ಡೆಸ್ಕ್‌ಟಾಪ್ ಕ್ಯಾಲ್ ಬೇರೆ. ಎಸೆನ್ಷಿಯಲ್ಸ್ ಆವೃತ್ತಿ 25 ಬಳಕೆದಾರರು, 50 ಸಾಧನಗಳವರೆಗೆ ಕ್ಯಾಲ್ ಕೇಳುವುದಿಲ್ಲ, ಆದರೆ ಒಂದೇ ಪ್ರೊಸೆಸರ್, 10 ಕೋರಿನ ಮಿತಿ. ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡನ್ನು ಕೋರ್ ಲೆಕ್ಕದಲ್ಲಿ ಕೊಂಡರೆ ಕನಿಷ್ಠ 4 ಕೋರ್, ಆಮೇಲೆ ಎರಡೆರಡರ ಪ್ಯಾಕ್. ಅಲ್ಲಿ ಬಳಸದ ಪ್ರತಿ ಕೋರೂ ಪ್ರೊಸೆಸರಿಗಿಂತ ದುಬಾರಿಯಾಗುತ್ತದೆ.

ಎಷ್ಟು ರ‍್ಯಾಮ್: ಹಾಳೆಯ ಮೇಲೆ ಕೂಡಿಸಿ

ಜಯನಗರದ ಅದೇ ಆಡಿಟರ್ ಕಚೇರಿಯನ್ನು ತೆಗೆದುಕೊಳ್ಳಿ. ಒಟ್ಟಿಗೆ ಹನ್ನೆರಡು ಜನ ರಿಮೋಟ್‌ನಲ್ಲಿ. ವರ್ಚುವಲ್ ಮಷಿನ್ ನಡೆಸುವ ವಿಂಡೋಸಿನ ಹೈಪರ್-ವಿ ಮೇಲೆ ಎರಡು ವರ್ಚುವಲ್ ಮಷಿನ್. ಸ್ಟ್ಯಾಂಡರ್ಡ್ ಲೈಸೆನ್ಸ್ ಎರಡಕ್ಕೆ ಅವಕಾಶ ಕೊಡುತ್ತದೆ, ಆದ್ದರಿಂದ ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಒಂದರಲ್ಲಿ, ಜನ ಕೂರುವುದು ಇನ್ನೊಂದರಲ್ಲಿ. ಇವೆರಡನ್ನು ಒಂದೇ ಕಡೆ ತುರುಕಬೇಡಿ.

ಹೋಸ್ಟಿಗೆ, ಅಂದರೆ ಇವೆರಡನ್ನೂ ಹೊತ್ತ ಮೂಲ ಮಷಿನ್ನಿಗೆ, 4 ಜಿಬಿ. ಡೊಮೇನ್ ಕಂಟ್ರೋಲರ್, ಫೈಲ್ ಶೇರ್ ಇರುವ ಮಷಿನ್ನಿಗೆ 6. ರಿಮೋಟ್ ಮಷಿನ್ನಿಗೆ ಮೂಲ 4, ಜೊತೆಗೆ ತಲೆಗೆ 2ರಂತೆ ಹನ್ನೆರಡು ಜನಕ್ಕೆ 24, ಒಟ್ಟು 28. ತಲೆಗೆ 2 ಜಿಬಿ ಎನ್ನುವುದು ಬ್ರೌಸರ್‌ಗಾಗಿ. ಬರೀ ಟ್ಯಾಲಿ ಮಾತ್ರವಾದರೆ ಮುಕ್ಕಾಲು ಜಿಬಿಯಲ್ಲಿ ಮುಗಿಯುತ್ತದೆ, ಜಿಎಸ್‌ಟಿ ಪೋರ್ಟಲ್, ಇನ್‌ಕಂ ಟ್ಯಾಕ್ಸ್ ಪೋರ್ಟಲ್, ಬ್ಯಾಂಕು ಎಂದು ಹತ್ತು ಟ್ಯಾಬ್ ತೆರೆದಿಟ್ಟರೆ 2 ಜಿಬಿಯೂ ಹಾರಿಹೋಗುತ್ತದೆ. ಕೂಡಿಸಿದರೆ 38. ಬೆಳವಣಿಗೆಗೆ ಶೇ. 30 ಸೇರಿಸಿ: ಸುಮಾರು 50. ಅಂಗಡಿಯಲ್ಲಿ ಸಿಗುವ ಜೋಡಿ 64, ಅಂದರೆ 32ರ ಎರಡು ಸ್ಟಿಕ್. ಇಲ್ಲಿ 32ಕ್ಕೆ ಕೈ ಬಿಗಿಹಿಡಿದರೆ 20ನೇ ತಾರೀಖು, ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಪೇಜ್ ಫೈಲ್ ಡಿಸ್ಕನ್ನು ಜಾಲಾಡುತ್ತದೆ. 128 ಹಾಕಿದರೆ ಅರ್ಧ ದುಡ್ಡು ಖಾಲಿ ಕೂರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ತಿರುಗುಮುರುಗು: ಕಾಲು ಅಳೆದು ಹಾಸಿಗೆ ತನ್ನಿ.

ಇಆರ್‌ಪಿ ಇದ್ದವರು ಮೊದಲು ಕೇಳಬೇಕಾದ ಪ್ರಶ್ನೆ: ಎಸ್‌ಕ್ಯೂಎಲ್ ಸರ್ವರ್ ಯಾವ ಆವೃತ್ತಿ? ಎಷ್ಟೋ ಇಆರ್‌ಪಿಗಳು ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯ ಮೇಲೆ ಬರುತ್ತವೆ. 2022ರ ಎಕ್ಸ್‌ಪ್ರೆಸ್ ಡೇಟಾ ಇಟ್ಟುಕೊಳ್ಳಲು ಬಳಸುವ ಮೆಮೊರಿ ಹೆಚ್ಚೆಂದರೆ 1410 ಎಂಬಿ, ಕೋರ್ ನಾಲ್ಕು, ಒಂದು ಡೇಟಾಬೇಸ್‌ಗೆ 10 ಜಿಬಿ. ಅದರ ಕೆಳಗೆ 64 ಜಿಬಿ ರ‍್ಯಾಮ್ ಹಾಕಿದರೂ 1410 ಎಂಬಿ ಮುಟ್ಟಿ ನಿಂತುಬಿಡುತ್ತದೆ. 'ರ‍್ಯಾಮ್ ಹಾಕಿದರೂ ಇಆರ್‌ಪಿ ಹಾಗೇ ಇದೆ' ಎನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಸ್ಟ್ಯಾಂಡರ್ಡ್ ಆವೃತ್ತಿಯದ್ದು ಇದರ ಉಲ್ಟಾ ರೋಗ. ಇನ್‌ಸ್ಟಾಲ್ ಮಾಡುವಾಗ ಮಿತಿ ಹಾಕದಿದ್ದರೆ ಸಿಕ್ಕಷ್ಟೂ ನುಂಗುತ್ತದೆ. 16 ಜಿಬಿಯ ವರ್ಚುವಲ್ ಮಷಿನ್‌ನಲ್ಲಿ ಮ್ಯಾಕ್ಸ್ ಸರ್ವರ್ ಮೆಮೊರಿಯನ್ನು 12288 ಎಂಬಿಗೆ ಕಟ್ಟಿಹಾಕಿ, ಉಳಿದ 4 ಜಿಬಿ ವಿಂಡೋಸಿಗೆ, ಆಂಟಿವೈರಸ್‌ಗೆ, ಬ್ಯಾಕಪ್‌ಗೆ.

ಯಾವ ರ‍್ಯಾಮ್: ಸ್ಟಿಕ್ಕಿನ ಮೇಲಿನ ಅಕ್ಷರ ಓದಿ

ಸರ್ವರ್‌ಗೆ ಇಸಿಸಿ ಇರುವ ಮೆಮೊರಿಯೇ ಬೇಕು. ಇಸಿಸಿ ಒಂದು ಬಿಟ್ ತಪ್ಪಾದರೆ ತಿದ್ದುತ್ತದೆ, ಎರಡು ತಪ್ಪಾದರೆ ಪತ್ತೆ ಹಚ್ಚಿ ಕೂಗುತ್ತದೆ. ಅದಿಲ್ಲದ ಮಷಿನ್‌ನಲ್ಲಿ ತಪ್ಪಾದ ಅಂಕಿ ಸದ್ದಿಲ್ಲದೆ ಫೈಲಿಗೆ ಬರೆದುಹೋಗಿ, ರಾತ್ರಿ ಬ್ಯಾಕಪ್ಪಿಗೂ ಸೇರಿ, ತಿಂಗಳ ನಂತರ ಕಂಪನಿ ಡೇಟಾ ತೆರೆಯುವಾಗ ದೋಷ ಎಂದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಒಳ್ಳೆಯ ಬ್ಯಾಕಪ್ ಯಾವುದು ಎಂದು ಹೇಳುವವರಿಲ್ಲ.

'ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆ ಸಾರ್' ಎಂಬ ಮಾತನ್ನು ಕೌಂಟರ್‌ನಲ್ಲಿ ಕೇಳುತ್ತೀರಿ. ಅರ್ಧ ಸತ್ಯ. ಡಿಡಿಆರ್5ರ ಪ್ರತಿ ಚಿಪ್ಪು ತನ್ನೊಳಗಿನ ಬಿಟ್ಟನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ನಿಜ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪಿಗೆ ಅದು ಕಾವಲಲ್ಲ, ತಪ್ಪಾಯಿತೆಂದು ಸರ್ವರ್‌ಗೆ ವರದಿಯನ್ನೂ ಕೊಡುವುದಿಲ್ಲ. ಪೂರ್ತಿ ಇಸಿಸಿಗೆ ಸ್ಟಿಕ್ಕಿನ ಮೇಲೆ ಹೆಚ್ಚಿನ ಚಿಪ್ಪುಗಳೇ ಬೇಕು.

ಸ್ಟಿಕ್ ಕೈಗೆ ತೆಗೆದುಕೊಂಡು ಎಣಿಸಿ. ಡಿಡಿಆರ್4ರಲ್ಲಿ ಒಂದು ಬದಿಗೆ ಒಂದೇ ಗಾತ್ರದ 8 ಕರಿ ಚಿಪ್ಪು ಇದ್ದರೆ ಮಾಮೂಲಿ, 9 ಇದ್ದರೆ ಇಸಿಸಿ. ಡಿಡಿಆರ್5ರಲ್ಲಿ ಇಸಿಸಿ ಸ್ಟಿಕ್ಕಿಗೆ ಸಾಮಾನ್ಯವಾಗಿ 10, ಕೆಲವಕ್ಕೆ 9. ನಡುವೆ ಕಾಣುವ ಸಣ್ಣ ಚೌಕ ವಿದ್ಯುತ್ ನಿಯಂತ್ರಣದ್ದು, ಅದನ್ನು ಎಣಿಸಬೇಡಿ. ಲೇಬಲ್ಲಿನಲ್ಲಿ ವೇಗದ ಅಂಕಿಯ ನಂತರ ಗೀಟು ಹಾಕಿ ಬರುವ ಅಕ್ಷರವೇ ಜಾತಕ. 'ಯು' ಎಂದರೆ ಮಾಮೂಲಿ ಡೆಸ್ಕ್‌ಟಾಪ್ ಮೆಮೊರಿ. 'ಇ' ಎಂದರೆ ಇಸಿಸಿ ಇರುವ ಯು-ಡಿಮ್ (ಡಿಮ್ ಎಂದರೆ ಸ್ಟಿಕ್). 'ಆರ್' ಎಂದರೆ ರಿಜಿಸ್ಟರ್ಡ್, ಆರ್-ಡಿಮ್. 'ಎಲ್' ಬಂದರೆ ಎಲ್‌ಆರ್-ಡಿಮ್, ಸಣ್ಣ ಕಚೇರಿಗೆ ಅದರ ಗೊಡವೆ ಬೇಡ.

ಝಿಯಾನ್ ಇ-2400, ಎಪಿಕ್ 4004 ಎರಡಕ್ಕೂ ಬೇಕಾದದ್ದು 'ಇ'. ದೊಡ್ಡ ಝಿಯಾನ್ ಸಿಲ್ವರ್‌ನಂಥವಕ್ಕೆ 'ಆರ್'. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಡೇಟಾ ಸೆಂಟರಿನಿಂದ ಬಿಚ್ಚಿದ ಆರ್-ಡಿಮ್‌ಗಳು ಅಗ್ಗಕ್ಕೆ ಸಿಗುತ್ತವೆ, 'ಸರ್ವರ್ ರ‍್ಯಾಮ್' ಎಂದೇ ಮಾರುತ್ತಾರೆ. ಡಿಡಿಆರ್4ರಲ್ಲಿ ಅದು ಚಿಕ್ಕ ಟವರ್ ಸರ್ವರ್‌ನ ಸ್ಲಾಟ್‌ಗೆ ಸಲೀಸಾಗಿ ಕೂತು ಕ್ಲಿಕ್ ಎನ್ನುತ್ತದೆ, ಮಷಿನ್ ಮಾತ್ರ ಏಳುವುದಿಲ್ಲ. ಡಿಡಿಆರ್5ರಲ್ಲಿ ಎರಡರ ಕಚ್ಚಿನ ಜಾಗವೇ ಬೇರೆ, ವೋಲ್ಟೇಜೂ ಬೇರೆ. ಕೂರದಿದ್ದರೆ ಒತ್ತಬೇಡಿ, ಒತ್ತಿದರೆ ಸ್ಲಾಟ್ ಸೀಳಿ ಮದರ್‌ಬೋರ್ಡೇ ಹೋಗುತ್ತದೆ.

ಐ5, ಐ7 ಡೆಸ್ಕ್‌ಟಾಪನ್ನೇ ಸರ್ವರ್ ಮಾಡುವ ಕೊಟೇಶನ್ ಬಂದರೆ: 12ರಿಂದ 14ನೇ ತಲೆಮಾರಿನ ಹಲವು ಐ5, ಐ7ಗಳು ಇಸಿಸಿ ಒಪ್ಪುತ್ತವೆ, ಆದರೆ ಡಬ್ಲ್ಯೂ680ಯಂಥ ಚಿಪ್‌ಸೆಟ್ ಇರುವ ಬೋರ್ಡಿನಲ್ಲಿ ಮಾತ್ರ. ಎಚ್610, ಬಿ660 ಬೋರ್ಡಿನಲ್ಲಿ ಆಗದು. ಎಎಂಡಿ ರೈಜನ್ನಿನಲ್ಲಿ ಅದು ಬೋರ್ಡ್ ತಯಾರಕರ ಮರ್ಜಿ.

ಸ್ಲಾಟು, ಜೋಡಿ, ವೇಗ

ಇ-2400ಕ್ಕೂ ಎಪಿಕ್ 4004ಕ್ಕೂ ಮೆಮೊರಿ ಚಾನೆಲ್, ಅಂದರೆ ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ದಾರಿ, ಎರಡು. ಒಂದೇ ಸ್ಟಿಕ್ ಹಾಕಿದರೆ ಒಂದು ಚಾನೆಲ್ ಬರಿದಾಗಿ ದಾರಿ ಅರ್ಧವಾಗುತ್ತದೆ. 32 ಜಿಬಿ ಬೇಕಿದ್ದರೆ 16ರ ಎರಡು, 64 ಬೇಕಿದ್ದರೆ 32ರ ಎರಡು. ನಾಲ್ಕೂ ಸ್ಲಾಟ್ ಮೊದಲೇ ತುಂಬಿಸಬೇಡಿ: ನಾಲ್ಕು ಸ್ಟಿಕ್ ಆದಾಗ ಕಂಟ್ರೋಲರ್ ಮೇಲೆ ಹೊರೆ ಬಿದ್ದು ಡಿಡಿಆರ್5ರ ವೇಗ ಇಳಿಯುತ್ತದೆ. ಎಎಂಡಿಯಲ್ಲಿ ಈ ಇಳಿತ ದೊಡ್ಡದು, 5200 ಇದ್ದದ್ದು 3600ಕ್ಕೂ ಬರಬಹುದು. ಸಾಮರ್ಥ್ಯ ಬೇಕಾದಾಗ ಇದನ್ನು ಒಪ್ಪಿಕೊಳ್ಳಿ, ಅಗ್ಗವಾಯಿತೆಂದು 8ರ ನಾಲ್ಕು ಸ್ಟಿಕ್ ಹಾಕಿಸಿಕೊಳ್ಳಬೇಡಿ.

ಮುಂದೆ ಸೇರಿಸಬಹುದಲ್ಲ ಎಂಬ ಹಳೆಯ ಲೆಕ್ಕವನ್ನೂ ಸ್ವಲ್ಪ ತಿದ್ದಬೇಕಾಗಿದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ಜೋರಾಗಿ ಏರಿತು. ಕೊಟೇಶನ್ ಎಷ್ಟು ದಿನ ನಿಲ್ಲುತ್ತದೆ ಎಂದು ಬರೆಸಿಕೊಳ್ಳಿ. ಎರಡು ವರ್ಷದಲ್ಲಿ ಬೇಕೇಬೇಕು ಎಂದು ಗೊತ್ತಿರುವುದನ್ನು ಈಗಲೇ ಹಾಕಿಸುವುದು ಮೇಲು: ಆಮೇಲೆ ಅದೇ ಗಾತ್ರದ, ಅದೇ ರ‍್ಯಾಂಕಿನ (ಚಿಪ್ಪುಗಳ ಗುಂಪಿನ) ಸ್ಟಿಕ್ ಹುಡುಕುವ ಪಾಡೂ ತಪ್ಪುತ್ತದೆ. ಬೇರೆ ಬೇರೆ ರ‍್ಯಾಂಕ್, ಬೇರೆ ಬೇರೆ ವೇಗದವು ಸೇರಿದರೆ ಎಲ್ಲವೂ ಅತಿ ನಿಧಾನದ್ದಕ್ಕೆ ಹೊಂದಿಕೊಳ್ಳುತ್ತವೆ, ಇಲ್ಲವೇ ಬೂಟ್ ಆಗುವುದಿಲ್ಲ.

ಆ 28 ಕೋರಿನ ಹಳೆಯ ಮಷಿನ್

ಅದು ಸಾಮಾನ್ಯವಾಗಿ 2016ರ ಝಿಯಾನ್ ಇ5-2680 ವಿ4 ಎರಡು ಇರುವ ಮಷಿನ್. ತಲಾ 14 ಕೋರು, ಮೂಲ ವೇಗ 2.4, ಟರ್ಬೊ 3.3, ತಲಾ 120 ವ್ಯಾಟ್. ಅದರ ಮೇಲೆ ಲಿನಕ್ಸ್ ಹಾಕಿ ಟೆಸ್ಟಿಂಗ್ ಮಾಡುವ ಸಾಫ್ಟ್‌ವೇರ್ ತಂಡಕ್ಕೆ ಒಳ್ಳೆಯ ವ್ಯಾಪಾರ. ಟ್ಯಾಲಿ ಕಚೇರಿಗೆ ಅಲ್ಲ: ಒಂದು ಕೋರಿನ ವೇಗ ಹೊಸ ಚಿಕ್ಕ ಝಿಯಾನಿಗಿಂತ ಬಹಳ ಹಿಂದೆ, ಮತ್ತು ವಿಂಡೋಸ್ ಲೈಸೆನ್ಸ್ 16 ಅಲ್ಲ, 28 ಕೋರಿಗೆ ಬೇಕು. ಮಷಿನ್ನಿನಲ್ಲಿ ಉಳಿಸಿದ್ದು ಲೈಸೆನ್ಸಿನಲ್ಲಿ ಹೋಯಿತು.

ಕರೆಂಟಿನ ಲೆಕ್ಕವೂ ಇದೆ. ಸುಮ್ಮನಿದ್ದಾಗ 150 ವ್ಯಾಟ್ ಎಳೆದರೆ ತಿಂಗಳಿಗೆ 108 ಯೂನಿಟ್. 50 ವ್ಯಾಟಿನ ಟವರ್‌ಗೆ 36. ಬೆಸ್ಕಾಂ ಬಿಲ್ಲಿಗಿಂತ ದೊಡ್ಡ ತೊಂದರೆ ಯುಪಿಎಸ್‌ನದ್ದು: ಮೇ ತಿಂಗಳ ಸಂಜೆ ಮಳೆ ಬಂದು ಕರೆಂಟ್ ಹೋದಾಗ ಅದೇ ಬ್ಯಾಟರಿ ಚಿಕ್ಕ ಸರ್ವರನ್ನು ದೊಡ್ಡದಕ್ಕಿಂತ ಎರಡು ಮೂರು ಪಟ್ಟು ಹೊತ್ತು ಎಳೆಯುತ್ತದೆ. ಗದ್ದಲವಂತೂ, ಅಟ್ಟದ ಕೆಳಗಿನ ಕೋಣೆಯಲ್ಲಿ ರ‍್ಯಾಕ್ ಸರ್ವರ್ ಇಟ್ಟವರು ಒಂದು ವಾರದಲ್ಲಿ ಜಾಗ ಹುಡುಕುತ್ತಾರೆ.

ಏನೇ ಕೊಂಡರೂ ಸರ್ವರ್, ಪ್ರೊಸೆಸರ್, ಪ್ರತಿ ಸ್ಟಿಕ್ ಮೂರರ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಶೇ. 18 ತೆರಿಗೆಯ ಇನ್‌ಪುಟ್ ಕ್ರೆಡಿಟ್ ಜಿಎಸ್‌ಟಿ ಬಿಲ್ ಇಲ್ಲದೆ ಬರುವುದಿಲ್ಲ. ಕಾಸು ಕೊಡುವ ಮೊದಲೇ ಅಂಗಡಿಯಲ್ಲೇ ನಿಂತು ಫೋನಿನಲ್ಲಿ ತಯಾರಕರ ಸೈಟ್ ತೆರೆದು ಸರ್ವರ್ ಸೀರಿಯಲ್ ಹಾಕಿ ವಾರಂಟಿ ನೋಡಿ: ಬೇರೆ ದೇಶದ ಹೆಸರು ಕಂಡರೆ ಇಲ್ಲಿ ಸರ್ವಿಸ್ ಸಿಗುವುದು ಅನುಮಾನ. ಬ್ರ್ಯಾಂಡ್ ಸರ್ವರ್‌ಗೆ ಬೇರೆ ಕಂಪನಿಯ ಮೆಮೊರಿ ಹಾಕಿಸುವುದಾದರೆ ವಾರಂಟಿಗೆ ಅದರಿಂದ ಏನಾಗುತ್ತದೆ ಎಂದು ಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಮಷಿನ್ ಬಂದ ದಿನ

ಮೆಮೊರಿ ನೀವೇ ಹಾಕುವುದಾದರೆ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ, ಬಾಕ್ಸಿನ ಬರಿ ಲೋಹ ಮುಟ್ಟಿ ಆಮೇಲೆ ಸ್ಟಿಕ್ ಮುಟ್ಟಿ. ಮೊದಲು ತುಂಬಬೇಕಾದ ಸ್ಲಾಟ್ ಯಾವುದು ಎಂದು ಮುಚ್ಚಳದ ಒಳಬದಿಯ ಚಿತ್ರದಲ್ಲಿ ಇರುತ್ತದೆ. ಪಕ್ಕಪಕ್ಕದ ಎರಡು ಎಂದು ಊಹಿಸಬೇಡಿ. ಎರಡೂ ತುದಿ ಕ್ಲಿಕ್ ಆಗುವವರೆಗೆ ಸಮನಾಗಿ ಒತ್ತಿ.

ಡಿಡಿಆರ್5 ಮಷಿನ್ ಮೊದಲ ಸಲ ಆನ್ ಆದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಅದು ಮೆಮೊರಿ ಟ್ರೇನಿಂಗ್. ಕೆಟ್ಟಿತೆಂದು ಸ್ವಿಚ್ ಆರಿಸಿದರೆ ಮತ್ತೆ ಮೊದಲಿಂದ ಶುರು. ಕಾಫಿ ಕುಡಿದು ಬನ್ನಿ.

ನಂತರ ಬಯೋಸ್‌ನಲ್ಲಿ ಮೂರು ಸಂಗತಿ: ಒಟ್ಟು ಗಾತ್ರ ಸರಿ ಇದೆಯೇ, ವೇಗ ಎಷ್ಟು, ಇಸಿಸಿ ಚಾಲೂ ಇದೆಯೇ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆದೇಶದಿಂದ, ವಿಂಡೋಸ್‌ನಲ್ಲಿ ಪವರ್‌ಶೆಲ್ ಮೂಲಕ ಟೋಟಲ್ ವಿಡ್ತ್, ಡೇಟಾ ವಿಡ್ತ್ ಎರಡನ್ನೂ ಓದಬಹುದು. ಡಿಡಿಆರ್4ರಲ್ಲಿ 72 ಮತ್ತು 64 ಬಂದರೆ ಇಸಿಸಿ ಇದೆ, 64 ಮತ್ತು 64 ಬಂದರೆ ನಿಮಗೆ ಟೋಪಿ ಬಿದ್ದಿದೆ. ಡಿಡಿಆರ್5ರಲ್ಲಿ ಮೊದಲ ಅಂಕಿ 80 ಅಥವಾ 72.

ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. 64 ಜಿಬಿಗೆ ನಾಲ್ಕು ಸುತ್ತು ಮುಗಿಯಲು ಹೊತ್ತು ಹಿಡಿಯುತ್ತದೆ. ಒಂದೇ ಒಂದು ತಪ್ಪು ಬಂದರೂ ಸ್ಟಿಕ್ ವಾಪಸ್, 'ಒಂದೇ ತಾನೆ' ಎಂಬ ರಾಜಿ ಬೇಡ. ವಿಂಡೋಸ್ ಸರ್ವರ್ ಹಾಕಿದ ಮೇಲೆ ಪವರ್ ಪ್ಲಾನ್ 'ಬ್ಯಾಲೆನ್ಸ್ಡ್' ಎಂದೇ ಬಂದಿರುತ್ತದೆ. 'ಹೈ ಪರ್ಫಾರ್ಮೆನ್ಸ್' ಮಾಡಿ, ಬಯೋಸ್‌ನ ಪವರ್ ಪ್ರೊಫೈಲನ್ನೂ ಅದಕ್ಕೆ ಹೊಂದಿಸಿ. 5 ಗಿಗಾಹರ್ಟ್ಸ್‌ಗೆ ಕಾಸು ಕೊಟ್ಟು 3ರಲ್ಲಿ ಓಡಿಸುವವರು ಕಡಿಮೆ ಇಲ್ಲ.

ಕೊನೆಗೆ ಸರ್ವರನ್ನು ದೂರದಿಂದ ನೋಡಿಕೊಳ್ಳುವ ಡೆಲ್‌ನ ಐಡ್ರ್ಯಾಕ್ ಅಥವಾ ಎಚ್‌ಪಿಇಯ ಐಎಲ್‌ಒ ತೆರೆದು ಮೆಮೊರಿ ದೋಷ ಬಂದರೆ ಮೇಲ್ ಕಳಿಸುವಂತೆ ಮಾಡಿ, ಪರೀಕ್ಷೆಗೊಂದು ಮೇಲ್ ಕಳಿಸಿ ನೋಡಿ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಇದು ಹೆಚ್ಚು ಮುಖ್ಯ: ಗಾಳಿಯಲ್ಲಿರುವ ಲೋಹದ ಸಣ್ಣ ಪುಡಿ ಫ್ಯಾನ್ ಮೂಲಕ ಒಳಸೇರಿ ಸ್ಲಾಟ್ ಸಂಪರ್ಕದ ನಡುವೆ ಕೂರುತ್ತದೆ. 'ಕರೆಕ್ಟಬಲ್ ಎರರ್' ಎಂಬ ಸಂದೇಶ ವರ್ಷಕ್ಕೊಮ್ಮೆ ಬಂದರೆ ಬರೆದಿಟ್ಟುಕೊಳ್ಳಿ. ವಾರದಲ್ಲಿ ಮೂರು ಸಲ, ಅದೇ ಸ್ಲಾಟಿನ ಹೆಸರಿನಲ್ಲಿ ಬಂದರೆ ಭಾನುವಾರ ಸರ್ವರ್ ಆರಿಸಿ, ಸ್ಲಾಟಿನ ದೂಳು ಊದಿ ತೆಗೆದು, ಆ ಸ್ಟಿಕ್ಕನ್ನು ಇನ್ನೊಂದರ ಜೊತೆ ಅದಲುಬದಲು ಮಾಡಿ. ದೋಷ ಸ್ಟಿಕ್ಕಿನ ಹಿಂದೆ ಹೊಸ ಸ್ಲಾಟಿಗೆ ಹೋದರೆ ಕೆಟ್ಟಿರುವುದು ಸ್ಟಿಕ್. ಹಳೆಯ ಸ್ಲಾಟಿನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್. ದೂಳು ತೆಗೆದ ಮೇಲೆ ಎಲ್ಲೂ ಬಾರದಿದ್ದರೆ ದೂಳೇ ಕಾರಣ. ವಾರಂಟಿಗೆ ಫೋನ್ ಮಾಡುವ ಮೊದಲು ಆ ಲಾಗನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಅವರು ಮೊದಲು ಕೇಳುವುದು ಅದನ್ನೇ.